ಮಟಮಟ ಮಧ್ಯಾಹ್ನದ ಸಹಿ

ಬಂದರಿನ ಕೋಣೆಯಿಂದ,
ಏಪ್ರಿಲ್ ೧೯, ಸಂಜೆ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ತಂಗಿಗೆ,

ಹರಿದು ಹಾಕಬೇಡ ತಾಯಿ. ಹರಿಯುವುದಿದ್ದರೆ ಓದಿ ಹರಿ. ಹನ್ನೊಂದು ತಿಂಗಳಿಂದ ನೀನು ನನ್ನ ಜೊತೆ ಮಾತು ಬಿಟ್ಟಿದ್ದೀಯ. ಅಕ್ಕತಂಗಿ ಹೀಗೆ ಎಣ್ಣೆ ಸೀಗೆಕಾಯಿ ಆಗಿಬಿಟ್ರಲ್ಲೇ ಅಂತ ಅಮ್ಮ ಫೋನಿನಲ್ಲಿ ಅಳುತ್ತಾಳೆ. ಕಾರಣ ನಾನು ಅವಳಿಗೂ ಹೇಳಿಲ್ಲ.

ಇವತ್ತು ಬೆಳಿಗ್ಗೆ ಹದಿನಾಲ್ಕು ಜನ ಪ್ರವಾಸಿಗರನ್ನು ಚಪ್ಪಟೆ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದೆ. ದಾರಿಯಲ್ಲಿ ಒಂದು ಆಮೆ ತಲೆಯೆತ್ತಿ ನಮ್ಮನ್ನು ನೋಡಿತು. ಕಡಲಸಿಂಹಗಳು ಬಂಡೆಯ ಮೇಲೆ ಜಾಗಕ್ಕಾಗಿ ಜಗಳವಾಡುತ್ತಿದ್ದವು. ನಾವು ಇಳಿಯುವ ದಡದಲ್ಲಿ ಮಾತ್ರ ಕಳ್ಳಿ, ಕಲ್ಲು, ಉಪ್ಪು ಬಿಟ್ಟರೆ ಏನೂ ಇಲ್ಲ, ಕಲ್ಲುಗಳ ನಡುವೆ ನೆಲದಲ್ಲೇ ಮೊಟ್ಟೆಯಿಡುತ್ತಿದ್ದ ರೀವ ಹಕ್ಕಿ ಒಂದೂ ಇಲ್ಲ. ಒಬ್ಬರು ಟೀಚರಮ್ಮ ಇಲ್ಲ್ಯಾಕೆ ಖಾಲಿ ಅಂತ ಕೇಳಿದರು. ಹೋದ ವರ್ಷ ದೋಣಿಯವಳೊಬ್ಬಳು ಬಿಸಿಲು ನೋಡದೆ ಜನರನ್ನು ಇಳಿಸಿಬಿಟ್ಟಳು, ಮೊಟ್ಟೆಯೆಲ್ಲ ಹಾಳಾಯ್ತು ಅಂತ ಹೇಳಿಬಿಟ್ಟೆ. ಎಷ್ಟು ಸಲೀಸಾಗಿ ಬಂತು ಗೊತ್ತಾ ಬಾಯಿಂದ! ಥೂ ನನ್ನ ನಾಲಿಗೆಗೆ. ಅಂಥವರನ್ನ ಕೆಲಸದಿಂದ ತೆಗೀಬೇಕು ಅಂದರು ಅವರು. ತೆಗೆದಿದ್ದಾರೆ ಅಂದೆ.

ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಆ ದಿನ ಬೆಳಿಗ್ಗೆಯಿಂದ ಒಂದು ತಿಮಿಂಗಿಲವೂ ಕಂಡಿರಲಿಲ್ಲ. ನೀನು ನಸುಕಿನಿಂದ ದೋಣಿ ನಡೆಸಿ ಸುಸ್ತಾಗಿ ಹಡಗಿನಲ್ಲಿ ಮಲಗಿದ್ದೆ. ಊಟದ ಹೊತ್ತಿಗೆ ಆ ಹಲ್ಲಿನ ಡಾಕ್ಟರು, ಮೊಳದುದ್ದದ ಲೆನ್ಸಿನವರು, ಬರೀ ನೀರು ನೋಡೋಕೆ ನಮ್ಮನೆ ತೊಟ್ಟಿ ಸಾಲದಾಗಿತ್ತಾ ಅಂತ ಎಲ್ಲರೆದುರು ನಕ್ಕರು. ನನಗೆ ರೋಷ ಬಂತು. ನಿನ್ನ ಆಯಾಸ ನೋಡಿ ಮರುಗಿ ಎಬ್ಬಿಸಲಿಲ್ಲ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದೆಲ್ಲ ಬೊಗಳೆ. ಎಬ್ಬಿಸಿದ್ದರೆ ನೀನು ಬಿಡುತ್ತಿರಲಿಲ್ಲ, ಅದಕ್ಕೇ ಎಬ್ಬಿಸಲಿಲ್ಲ. ಅವರಿಗೆ ಹಕ್ಕಿಗಳನ್ನಾದರೂ ತೋರಿಸುತ್ತೇನೆ ಅಂತ ದೋಣಿಯನ್ನು ದ್ವೀಪಕ್ಕೆ ನಾನೇ ನಡೆಸಿದೆ. ಮಟಮಟ ಮಧ್ಯಾಹ್ನ ಹನ್ನೆರಡೂವರೆ.

ದೋಣಿಯವರು ದಡದ ಕಲ್ಲಿನ ಮೇಲೆ ಅಂಗೈ ಊರಿ ಹತ್ತು ಎಣಿಸಬೇಕು, ಅಷ್ಟರವರೆಗೆ ಕೈ ತಡೆಯದಿದ್ದರೆ ಯಾರೂ ಇಳಿಯಬಾರದು. ಈ ಗಿಳಿಪಾಠವನ್ನು ದಿನಾ ಒಪ್ಪಿಸುವವಳು ನಾನೇ. ಮನೆಯ ಕೋಳಿ ಮೊಟ್ಟೆಗೆ ಕಾವು ಕೊಡುತ್ತೆ, ಇಲ್ಲಿಯ ಹಕ್ಕಿ ನೆರಳು ಕೊಡುತ್ತೆ ಅಂತ ಹೇಳಿ ಚಪ್ಪಾಳೆ ಗಿಟ್ಟಿಸುವವಳೂ ನಾನೇ. ಅವತ್ತು ಕಲ್ಲನ್ನು ಮುಟ್ಟಲೇ ಇಲ್ಲ. ನಾವು ಇಳಿದದ್ದೇ ತಡ, ಹಕ್ಕಿಗಳೆಲ್ಲ ಒಟ್ಟಿಗೆ ಮೇಲೆದ್ದವು. ಡಾಕ್ಟರು ನನ್ನ ಬೆನ್ನು ತಟ್ಟಿದರು, ನಾನೂ ಉಬ್ಬಿಹೋದೆ. ಇಪ್ಪತ್ತೈದು ನಿಮಿಷ ನಿಂತೆವು. ಹಕ್ಕಿಗಳು ಕೂಗುತ್ತ ಸುತ್ತುತ್ತಲೇ ಇದ್ದವು, ಮೊಟ್ಟೆಗಳು ಬಿಸಿಲಲ್ಲಿ ಬೇಯುತ್ತಿದ್ದವು. ನನಗೆ ಗೊತ್ತಿತ್ತು ಕಣೇ.

ಹಡಗಿಗೆ ಬಂದು ದಾಖಲೆ ಪುಸ್ತಕದಲ್ಲಿ ವೇಳೆಯನ್ನು ಸರಿಯಾಗಿಯೇ ಬರೆದೆ. ಇಳಿಯಲು ದೋಣಿಯವರ ಒಪ್ಪಿಗೆ ಎನ್ನುವ ಕಡೆ ನಿನ್ನ ಸಹಿ ಹಾಕಿದೆ. ಒಬ್ಬಳು ದಣಿದಿದ್ದರೆ ಇನ್ನೊಬ್ಬಳು ಸಹಿ ಹಾಕುವುದು ನಮ್ಮ ರೂಢಿಯಾಗಿತ್ತಲ್ಲ. ಅವತ್ತು ಅದರಲ್ಲಿ ಕಪಟ ಇರಲಿಲ್ಲ. ಕಪಟ ಹುಟ್ಟಿದ್ದು ಹತ್ತು ದಿನದ ಮೇಲೆ, ದ್ವೀಪದ ಅಧಿಕಾರಿ ನೂರ ಹನ್ನೆರಡು ಹಾಳಾದ ಗೂಡು ಎಣಿಸಿಕೊಂಡು ಬಂದು ಪುಸ್ತಕ ತೆರೆದಾಗ. ಆ ಪ್ರವಾಸಿಗರೆಲ್ಲ ಆಗಲೇ ಊರು ಸೇರಿದ್ದರು, ಅವರನ್ನು ಯಾರೂ ಕೇಳಲಿಲ್ಲ. ನಾನು ಮಲಗಿದ್ದೆ, ಬೇಕಾದ್ರೆ ಅಕ್ಕನ್ನೇ ಕೇಳಿ ಅಂತ ನೀನು ಹೇಳಿದೆ. ಎಷ್ಟು ನಿಶ್ಚಿಂತೆಯಿಂದ ಹೇಳಿದೆ! ದೋಣಿ ನಡೆಸಿದ್ದು ಅವಳೇ, ಸಹಿಯೂ ಅವಳದೇ ಅಂತ ನಾನು ಹೇಳಿದೆ. ನಿನ್ನ ಮುಖ ನೋಡಲಿಲ್ಲ.

ನಿನ್ನ ಲೈಸೆನ್ಸ್ ಹೋಯಿತು. ನಡೆಯುವುದಕ್ಕಿಂತ ಮೊದಲು ಈಜು ಕಲಿತವಳು ಈಗ ಐಸ್ ಫ್ಯಾಕ್ಟರಿಯಲ್ಲಿ ಮೀನಿನ ಪೆಟ್ಟಿಗೆ ಜೋಡಿಸುತ್ತೀಯ. ನನ್ನನ್ನು ಹಿರಿಯ ಗೈಡ್ ಮಾಡಿದರು. ಉಂಡ ಮನೆಗೆ ಎರಡು ಬಗೆಯುವವರ ಬಗ್ಗೆ ಕೇಳಿದ್ದೆ. ನಾನು ಒಡಹುಟ್ಟಿದವಳಿಗೇ ಎರಡು ಬಗೆದೆ. ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ.

ಎಲ್ಲವನ್ನೂ ಬರೆದು, ಸಹಿ ಹಾಕಿ, ಇವತ್ತೇ ಆಫೀಸಿಗೆ ಕೊಟ್ಟು ಬಂದಿದ್ದೇನೆ. ಅವರು ನಿನ್ನನ್ನು ಕರೆದು ಲೈಸೆನ್ಸ್ ವಾಪಸ್ ಕೊಡಲೇಬೇಕು. ನನಗೆ ಏನಾದರೂ ಆಗಲಿ ಬಿಡು.

ನಿನ್ನ ಅಕ್ಕ ಅನ್ನಿಸಿಕೊಳ್ಳುವ ಆಸೆ ಇನ್ನೂ ಬಿಡದ,
ದೊಡ್ಡವಳು

ತಾ.ಕ.: ಕೊಟ್ಟು ಬಂದಿದ್ದೇನೆ ಅಂದದ್ದು ಸುಳ್ಳು. ಆಫೀಸಿನ ಬಾಗಿಲವರೆಗೆ ಮೂರು ಸಲ ಹೋಗಿ ಹಾಗೇ ವಾಪಸ್ ಬಂದೆ. ಈ ಟ್ರಿಪ್ ಒಂದು ಮುಗೀಲಿ, ಆಮೇಲೆ ಕೊಡೋಣ ಅನ್ನಿಸಿತು. ಹನ್ನೊಂದು ತಿಂಗಳಿಂದ ಹೀಗೇ ಅನ್ನಿಸುತ್ತಿದೆ. ಆ ಕಾಗದ ಈ ಲಕೋಟೆಯಲ್ಲೇ ಇದೆ. ನೀನೇ ತೆಗೆದುಕೊಂಡು ಹೋಗಿ ಕೊಡು. ನಾಳೆ ನಾನು ಫೋನ್ ಮಾಡಿ ಅತ್ತು ಕರೆದು ಬೇಡ ಅಂದರೂ ಕೊಡು.