ಕೂಗುತ್ತಿದ್ದ ಟುವ್ವಿ ಹಕ್ಕಿ

ಮುಲುಂಡ್, ಭಾನುವಾರ, 9 ಮಾರ್ಚ್ 2025

ಇಂದು ಸುಳ್ಳು ಹೇಳಿದೆ. ಅದೂ ನನ್ನಿಂದಾಗಿ ಕೆಲಸ ಕಳೆದುಕೊಳ್ಳಲಿರುವವನಿಗೆ.

ಎರಡು ತಿಂಗಳಿನಿಂದ ಟುವ್ವಿ ಹಕ್ಕಿಯ ಕೂಗು ಕೇಳಿಸದಿದ್ದಾಗ, ಮಾಲಿ ಶಾಂತಪ್ಪ ಸಿಂಪಡಿಸುವ ಔಷಧಿಯೇ ಅದನ್ನು ಓಡಿಸಿತೆಂದು ನಮ್ಮ ವಸತಿ ಸೊಸೈಟಿಗೆ ದೂರು ಬರೆದುಕೊಟ್ಟಿದ್ದೆ. ಹದಿನೆಂಟು ವರ್ಷಗಳ ನನ್ನ ಪಕ್ಷಿಪಟ್ಟಿಯನ್ನು ಯಾರೂ ಪ್ರಶ್ನಿಸಲಿಲ್ಲ. ತಿಂಗಳ ಕೊನೆಗೆ ಅವನನ್ನು ಕೆಲಸದಿಂದ ಬಿಡಿಸುತ್ತಾರೆ.

ಬೆಳಿಗ್ಗೆ ಅವನೇ ಕರೆದು ದಾಸವಾಳದ ಗಿಡ ತೋರಿಸಿದ. “ನೋಡ್ರಿ ಟೀಚರ್, ನಿಮ್ಮ ಹಕ್ಕಿ ಇಲ್ಲೇ ಐತಿ! ದಿನಾ ಹಿಂಗ ಒದರತೈತ್ರಿ, ಕಿವಿ ತೂತು ಬೀಳೋಹಂಗ. ಕೇಳಸ್ತೈತೇನ್ರಿ?”

ದುರ್ಬೀನಿನಲ್ಲಿ ಅದರ ಕೊಕ್ಕು ತೆರೆದು ಮುಚ್ಚುತ್ತಿತ್ತು. ಶಾಂತಪ್ಪನ ಮಾತು ಕೇಳಿಸುತ್ತಿತ್ತು; ಹಕ್ಕಿಯ ಚೂಪು ದನಿ ಮಾತ್ರ ನನಗೆ ಕೇಳಿಸಲಿಲ್ಲ.

“ಕೇಳಿಸುತ್ತಿದೆ, ಶಾಂತಪ್ಪ,” ಎಂದೆ.

‘ಹಕ್ಕಿ ಮರಳಿದೆ’ ಎಂದು ಸೊಸೈಟಿಗೆ ಬರೆದರೆ ಆರೋಪ ಅವನ ಮೇಲೆಯೇ ಉಳಿಯುತ್ತದೆ. ಅದು ಎಲ್ಲಿಗೂ ಹೋಗಿರಲಿಲ್ಲವೆಂದೇ ಬರೆಯಬೇಕು. ‘ನನ್ನ ಕಿವಿಗೆ’ ಎಂಬಲ್ಲಿ ಲೇಖನಿ ನಿಂತಿದೆ.