ನಮ್ಮ ಮನೆತನದ ನರ್ಸ್

ನವೆಂಬರ್ ೧೬, ಭಾನುವಾರ

ಇವತ್ತು ಅಪ್ಪ ನನ್ನನ್ನು ದಂಗುಬಡಿಸಿದರು. ಕಥೆ, ಕಾದಂಬರಿಗಳಲ್ಲಿ ನಮ್ಮ ಮನೆತನದ ಹೆಸರು ಕಂಡರೆ ಅವರ ಮುಖ ಸಪ್ಪಗಾಗುತ್ತಿತ್ತು. ಒಂದರಲ್ಲಿ ಆ ಹೆಸರಿನವನು ಕಳ್ಳ, ಇನ್ನೊಂದರಲ್ಲಿ ಚಾಡಿಕೋರ. “ಈ ಬರೆಯೋರಿಗೆ ನಾವೇನು ಮಾಡಿದ್ವಿ?” ಎಂದು ಗೊಣಗುತ್ತಿದ್ದರು.

ಸಂಜೆ ಬಲವಂತವಾಗಿ ನಾಟಕಕ್ಕೆ ಕರೆದೊಯ್ದೆ. ಜ್ವರಕ್ಕೆ ಹೆದರಿ ಊರಿಗೆ ಊರೇ ಖಾಲಿಯಾದರೂ ಒಬ್ಬ ನರ್ಸ್ ಮಾತ್ರ ರೋಗಿಗಳ ಬಳಿ ಉಳಿಯುತ್ತಾಳೆ. ಡಾಕ್ಟರು ಅವಳನ್ನು ಕೂಗಿದ್ದು ನಮ್ಮ ಹೆಸರಿನಿಂದಲೇ! ಅಪ್ಪ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ನಾಟಕ ಮುಗಿದದ್ದೇ ತಡ, ನಟಿಯ ಹತ್ತಿರ ಹೋಗಿ ತಮ್ಮ ಹೆಸರನ್ನು ಪೂರ್ತಿಯಾಗಿ ಹೇಳಿಕೊಂಡರು.

“ಅಯ್ಯೋ, ಆ ನರ್ಸು ನಿಮ್ಮನೆಯವ್ರಾ?” ಎಂದಳು ಅವಳು.

“ಹೌದಮ್ಮ, ನಮ್ಮ ಸೋದರತ್ತೆ,” ಎಂದರು ಅಪ್ಪ, ಕಣ್ಣು ಒರೆಸಿಕೊಳ್ಳುತ್ತಾ.

ಅಪ್ಪನಿಗೆ ಸೋದರತ್ತೆಯೇ ಇಲ್ಲ. ನಮ್ಮನ್ನು ಕಂಡೇ ಇರದ ಯಾರೋ ಬರೆದ ಒಂದು ಹೆಸರಿನಿಂದ ಅಪ್ಪನಿಗೊಬ್ಬ ಅತ್ತೆ ಹುಟ್ಟಿಬಿಟ್ಟಳಲ್ಲ…