ಜಿಪ್‌ಗೊಂದು ವಾಕ್ಯ

ಮಂಗಳವಾರ, ನವೆಂಬರ್ ೧೯

ನಿಘಂಟಿನ ಕೆಲಸದಲ್ಲಿ ಇಂದೂ ‘ಜಿಪ್’ ಪದದ ಹತ್ತಿರವೇ ಗಾಡಿ ನಿಂತಿತು. ಅದರ ಹುಟ್ಟು ಬರೆದಾಗಿದೆ: ಬಟ್ಟೆ ಸೀಳಿದ, ಗಾಳಿಯಲ್ಲಿ ಏನೋ ಸುಯ್ಯೆಂದು ಹಾದುಹೋದ ಸದ್ದನ್ನೇ ಇಂಗ್ಲಿಷಿನವರು ಪದ ಮಾಡಿಕೊಂಡರು. ಆಮೇಲೆ ಅದಕ್ಕೆ ಚುರುಕು ಎಂಬ ಅರ್ಥ ಬಂತು. ಬ್ಯಾಗು, ಸ್ವೆಟರುಗಳಿಗೆ ಅಂಟಿಕೊಂಡದ್ದು ಕೊನೆಗೆ. ಆದರೆ ಯಾರಾದರೂ ಆಡಿದ್ದನ್ನು ಕಿವಿಯಾರೆ ಕೇಳಿ ಬರೆದ ವಾಕ್ಯವಿಲ್ಲದೆ ನಮ್ಮಲ್ಲಿ ಯಾವ ಪದವೂ ಅಚ್ಚಿಗೆ ಹೋಗುವುದಿಲ್ಲ. ನಾನು ಕೂತಲ್ಲೇ ಕಟ್ಟಿದ ವಾಕ್ಯವನ್ನು ಸಂಪಾದಕರು ಮೂಸಿಯೇ ಹಿಡಿದರು. “ಇದನ್ನ ಯಾರೂ ಆಡಿಲ್ಲ ಕಣಮ್ಮ, ನೀನೇ ಹೊಸೆದಿದ್ದೀಯ” ಎಂದು ವಾಪಸು ಕೊಟ್ಟರು.

ಸಿಟ್ಟಿನಲ್ಲೇ ಮನೆಗೆ ಬಂದೆ. ಲಕ್ವ ಹೊಡೆದಾಗಿನಿಂದ ಅಕ್ಕನ ಬಾಯಿಂದ ಒಂದು ಮಾತೂ ಹೊರಟಿಲ್ಲ. ದಿನವೂ ಲೋಟ, ಬಾಗಿಲು, ಚಪ್ಪಲಿ ಎಂದು ಹೇಳಿಕೊಟ್ಟು ಸೋತಿದ್ದೇನೆ. ಇವತ್ತು ಪಾಠ ಬೇಡವೆನಿಸಿ, ವಾಕಿಂಗ್‌ಗೆಂದು ಅವಳ ಸ್ವೆಟರಿನ ಜಿಪ್ ಎಳೆದೆ. ಅರ್ಧದಲ್ಲೇ ಕಚ್ಚಿಕೊಂಡಿತು. ಕೆಳಗಿಳಿಸಿ ಮತ್ತೆ ಜೋರಾಗಿ ಎಳೆದೆ. ಕುತ್ತಿಗೆಯವರೆಗೆ ಸರ್ರನೆ ಬಂತು.

“ಜಿಪ್” ಎಂದಳು ಅಕ್ಕ.

“ಏನಂದೆ ಅಕ್ಕಾ? ಇನ್ನೊಂದ್ಸಲ ಹೇಳೇ!”

ನನ್ನ ಕೈ ಸರಿಸಿ, ಎಡಗೈಯಲ್ಲಿ ತಾನೇ ಇಳಿಸಿದಳು, ಎಳೆದಳು. “ಜಿಪ್!” ನನ್ನನ್ನು ಗದರುತ್ತಿದ್ದ ಹಳೇ ಜೋರು ಹಾಗೇ ಇತ್ತು.

ಬರೀ ಹೆಸರುಗಳನ್ನೇ ಕಲಿಸುತ್ತಿದ್ದೆನಲ್ಲ, ಪೆದ್ದಿ ನಾನು. ಮೊದಲು ಸದ್ದು, ಆಮೇಲೆ ಹೆಸರು ಎಂದು ಬರೆದವಳೂ ನಾನೇ.

ನಾಳೆ ಅಕ್ಕ ಆಡಿದ ಆ ‘ಜಿಪ್!’ ಅನ್ನೇ ವಾಕ್ಯವೆಂದು ಕೊಡುತ್ತೇನೆ. ಕ್ರಿಯಾಪದ ಎಲ್ಲಿ ಎಂದು ಸಂಪಾದಕರು ಕೇಳಲಿ. ತಡೀರಿ ಸಾರ್, ಅದೂ ಬರುತ್ತೆ.